ಸಾಬೂನಿನ ತಂಡಕ್ಕೆ ಹೋದ ಹುಡುಗ

ಮೊನ್ನೆ ಮೊಮ್ಮಗಳು ಫೋನು ನೋಡಿಕೊಂಡು ಕೋಳಿಗೆ ವಿನೆಗರ್ ಸುರಿದು, ಬೆಳ್ಳುಳ್ಳಿ ಜಜ್ಜಿ ಹಾಕಿ, ಕಪ್ಪು ಸೋಯಾ ರಸ ಹೊಯ್ದು ಬೇಯಲಿಕ್ಕಿಟ್ಟಳು. ವಾಸನೆ ಹೊರಗೆ ನಾನು ಕೂತಲ್ಲಿಗೇ ಬಂತು. "ಉಮ್ಮಮ್ಮ, ಇದು ಎಂತ ಅಡುಗೆ ಹೇಳಿ ನೋಡುವ" ಅಂತ ದೊಡ್ಡ ಪರೀಕ್ಷೆ ಮಾಡಿದಳು.

"ಇದು ಜಿದ್ದಾದ ಲೋರ್ನಾಳ ಕೋಳಿ. ಕಾಳುಮೆಣಸು ಇಡೀ ಹಾಕಬೇಕಿತ್ತು. ನೀನು ಹುಡಿ ಮಾಡಿ ಹಾಳು ಮಾಡಿದ್ದಿ" ಎಂದೆ.

ಅವಳು ಮುಖ ಊದಿಸಿಕೊಂಡು ಒಳಗೆ ಹೋದಳು. ಊಟದ ಹೊತ್ತಿಗೆ "ಲೋರ್ನಾ ಅಂದರೆ ಯಾರು" ಎಂದು ಕೇಳಿದಳು. ಒಂದು ಮಾತಿನಲ್ಲಿ ಮುಗಿಯುವುದಲ್ಲ ಅದು. ಮೂರನೇ ಕ್ಲಾಸಿನ ಅಕ್ಷರ ನನ್ನದು. ಆದರೂ ಬರೆದಿಡುತ್ತೇನೆ. ಓದುವವರು ಓದಲಿ.

ನಾನು ಸೌದಿಯ ಜಿದ್ದಾಕ್ಕೆ ಹೋದದ್ದು ಸೊಸೆಯ ಬಾಣಂತನಕ್ಕೆ. ಮಗ ಹಮೀದ್ ಅಲ್ಲಿನ ಹಳೆಯ ಬಡಾವಣೆಯೊಂದರಲ್ಲಿ ಸಣ್ಣ ಹೋಟೆಲು ನಡೆಸುತ್ತಿದ್ದ. ಹೆಸರಿಗೆ ಕಫೀಲನದು, ಎಂದರೆ ವೀಸಾ ಕೊಟ್ಟ ಅರಬ್ಬಿ ಯಜಮಾನನದು, ಬೆವರು ಹಮೀದನದು. ಮೇಲಿನ ಮಾಳಿಗೆಯಲ್ಲಿ ಮನೆ, ಕೆಳಗೆ ಹೋಟೆಲು. ನಲ್ವತ್ತು ದಿನ ಕಳೆದ ಮೇಲೆ ಸೊಸೆ ಎದ್ದು ಓಡಾಡತೊಡಗಿದಳು, ಮಗು ತಣ್ಣಗೆ ಮಲಗುವ ಜಾತಿಯದು. ಏಸಿ ಕೋಣೆಯಲ್ಲಿ ಗೋಡೆ ನೋಡುತ್ತಾ ಕೂರುವ ಹೆಂಗಸಲ್ಲ ನಾನು. ಇಳಿದು ಬಂದು ಹೋಟೆಲಿನ ಅಡುಗೆಮನೆ ಸೇರಿಕೊಂಡೆ. "ಉಮ್ಮ, ವಿಸಿಟ್ ವೀಸಾದವರು ಕೆಲಸ ಮಾಡುವ ಹಾಗಿಲ್ಲ" ಎಂದು ಹಮೀದ್ ಹೆದರಿಸಿದ. "ಇದು ಕೆಲಸ ಅಂತ ಯಾರು ಹೇಳಿದ್ದು? ಮಗನ ಮನೆಯ ಮೀನು ಮಗುಚಿ ಹಾಕುವುದು ಕೆಲಸವಾ?" ಎಂದೆ.

ಜಿದ್ದಾದ ಸೆಖೆ ನಮ್ಮ ಕಡಲ ಬದಿಯ ಸೆಖೆಯ ಹಾಗೆಯೇ, ಅಂಟು ಸೆಖೆ. ಆದರೆ ನಮ್ಮಲ್ಲಿ ಅಷ್ಟು ಬೆವರಿದ ಮೇಲೆ ಒಂದು ಮಳೆಯಾದರೂ ಬರುತ್ತದೆ. ಅಲ್ಲಿ ಬೆವರಿದ್ದೇ ಬಂತು. ಬೆಳಿಗ್ಗೆ ಎದ್ದರೆ ಕಿಟಕಿಯ ಗಾಜು ಒದ್ದೆ, ರಸ್ತೆಯ ಕಾರುಗಳು ಒದ್ದೆ, ಮಳೆ ಮಾತ್ರ ಇಲ್ಲ.

ಆಗಿನ ಕಾಲದಲ್ಲಿ ಅಲ್ಲಿನ ಹೋಟೆಲುಗಳಿಗೆ ಎರಡು ಬಾಗಿಲು. ಒಂದು ಗಂಡಸರಿಗೆ, ಒಂದು ಹೆಂಗಸರೂ ಮಕ್ಕಳೂ ಇರುವ ಸಂಸಾರಗಳಿಗೆ. ಹಮೀದನ ಹೋಟೆಲು ಎಷ್ಟು ಸಣ್ಣದೆಂದರೆ ನಡುವೆ ಒಂದು ಪ್ಲೈವುಡ್ ಹಲಗೆ ನಿಲ್ಲಿಸಿ, ಬಾಗಿಲಿದ್ದಲ್ಲಿ ಪರದೆ ಬಿಟ್ಟು ಎರಡು ಮಾಡಿದ್ದರು. ಗಂಡಸರ ಕಡೆ ಆರು ಮೇಜು ಮತ್ತು ಟೀವಿ. ಹೆಂಗಸರ ಕಡೆ ಎರಡು ಮೇಜು ಮತ್ತು ಕೈತೊಳೆಯುವ ಬೇಸಿನ್ನು. ಹಿಂದಿನ ಅಡುಗೆಮನೆಗೆ ಎರಡೂ ಕಡೆ ಕಿಂಡಿ. ಆಚೆಯವರು ಆಡಿದ್ದೆಲ್ಲ ಈಚೆ ಕೇಳುತ್ತದೆ, ಮುಖ ಮಾತ್ರ ಕಾಣುವುದಿಲ್ಲ.

ಶುಕ್ರವಾರ ಗಂಡಸರ ಕಡೆ ಪೂರ್ತಿ ಫಿಲಿಪ್ಪೀನಿನವರು. ಏಸಿ ರಿಪೇರಿಯವರು, ಕ್ರೇನಿನವರು, ಬಂದರಿನಲ್ಲಿ ಕೆಲಸ ಮಾಡುವವರು. ಅನ್ನ, ಹುರಿದ ಮೀನು ಮತ್ತು ಬುಟ್ಟಿಗೆ ಚೆಂಡು ಹಾಕುವ ಬಾಸ್ಕೆಟ್‌ಬಾಲ್ ಆಟ, ಈ ಮೂರು ಇದ್ದರೆ ಅವರಿಗೆ ಸ್ವರ್ಗ. ಅವರಿಗಾಗಿಯೇ ಹಮೀದ್ ಟೀವಿಗೆ ಇಂಟರ್ನೆಟ್ ಹಾಕಿಸಿದ್ದ. ಅವರ ಮುಖ್ಯಸ್ಥ ಎಡ್ವಿನ್, ಏಸಿ ಮೆಕ್ಯಾನಿಕ್, ಡ್ರಮ್ಮಿನ ಹಾಗಿನ ಮನುಷ್ಯ, ಗಂಟಲೂ ಡ್ರಮ್ಮಿನದೇ. ನನ್ನನ್ನು "ಲೋಲಾ" ಎಂದು ಕರೆಯುತ್ತಿದ್ದ. ಅವರ ಮಾತಿನಲ್ಲಿ ಹಾಗೆಂದರೆ ಅಜ್ಜಿ. ಅವನ ಬಾಲ ಬೆನ್ನಿ, ತೆಳ್ಳಗೆ, ಎಡ್ವಿನ್ ಹೇಳಿದ್ದಕ್ಕೆಲ್ಲ ತಲೆಯಾಡಿಸುವವನು.

ಅವರ ದೇಶದ ತಂಡಗಳಿಗೆ ಊರಿನ ಹೆಸರಿಲ್ಲ, ಕಂಪೆನಿಯ ಹೆಸರು. ಒಂದು ಬಿಸ್ಕತ್ತಿನದು, ಒಂದು ಟಯರಿನದು. ಎಡ್ವಿನ್ ಮತ್ತು ಅವನ ಕಡೆಯವರದು ಸಾಬೂನಿನ ತಂಡ. ಆ ಸಾಬೂನು ಸೋತರೆ ಅನ್ನ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. "ಸಾಬೂನಿಗಾಗಿ ಅನ್ನ ಬಿಡುವವರನ್ನು ನಾನು ಇಲ್ಲೇ ನೋಡಿದ್ದು" ಎಂದರೆ ಎಡ್ವಿನ್, "ಲೋಲಾ, ತಂಡ ಸೋತ ಮೇಲೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ" ಎನ್ನುತ್ತಿದ್ದ. ನಮ್ಮ ಮಾತೆಲ್ಲ ಅರ್ಧ ಉರ್ದು, ಸ್ವಲ್ಪ ಅರಬಿ, ಉಳಿದದ್ದು ಕೈಸನ್ನೆ. ಇಲ್ಲಿ ನನ್ನ ಭಾಷೆಗೆ ತಿರುಗಿಸಿ ಬರೆಯುತ್ತಿದ್ದೇನೆ.

ಲೋರ್ನಾ ಕೂರುತ್ತಿದ್ದದ್ದು ಈಚೆ ಕಡೆ, ಒಬ್ಬಳೇ. ಅವಳೂ ಫಿಲಿಪ್ಪೀನಿನವಳು, ಒಬ್ಬ ಅರಬ್ಬಿ ಟೀಚರ ಮನೆಯಲ್ಲಿ ಕೆಲಸಕ್ಕಿದ್ದಳು. ಅದಕ್ಕೆ ಮುಂಚೆ ಹೈದರಾಬಾದಿನವರ ಮನೆಯಲ್ಲಿದ್ದು ಉರ್ದು ಕಲಿತಿದ್ದಳು, ನನಗಿಂತ ಚೆನ್ನಾಗಿ. ಶುಕ್ರವಾರ ಡ್ರೈವರು ಅವಳನ್ನು ನಮ್ಮಲ್ಲಿ ಇಳಿಸಿ ಮಧ್ಯಾಹ್ನ ದಾಟಿದ ಮೇಲೆ ಬಂದು ಕರೆದುಕೊಂಡು ಹೋಗುತ್ತಿದ್ದ. ಮೊದಲ ವಾರ ನನ್ನ ಮೀನು ತಿಂದು, "ಖಾರ ಜಾಸ್ತಿ" ಎಂದಳು. "ನಿನಗೆ ನಾಲಿಗೆ ಕಡಿಮೆ" ಎಂದೆ. ಎರಡನೇ ವಾರ ಸೀದಾ ಅಡುಗೆಮನೆಗೇ ಬಂದು, "ನಾನು ಕೋಳಿ ಮಾಡಿ ತೋರಿಸುತ್ತೇನೆ" ಎಂದು ತೋಳು ಮಡಚಿದಳು. ಆ ಕೋಳಿಯನ್ನು ಆಚೆಯ ಗಂಡಸರಿಗೆ ಬಡಿಸಿದಾಗ ಎಲ್ಲರೂ ಎರಡನೇ ಸಲ ಕೇಳಿದರು. ಬೆನ್ನಿ ಕಣ್ಣೊರೆಸಿಕೊಂಡನಂತೆ. ಅಂದಿನಿಂದ ಶುಕ್ರವಾರ ಕೋಳಿ ಅವಳದು, ಮೀನು ನನ್ನದು.

ಹೀಗೆ ಜೊತೆಗೆ ಬೆಳ್ಳುಳ್ಳಿ ಸುಲಿಯುತ್ತಾ ಸುಲಿಯುತ್ತಾ ಅವಳ ವಿಷಯ ಹೊರಬಿತ್ತು. ಮಗ ಒಬ್ಬನೇ, ರೊಮೆಲ್. ಅವನು ಇನ್ನೂ ಚಡ್ಡಿಯಲ್ಲಿ ಉಚ್ಚೆ ಹೊಯ್ಯುವ ಕಾಲಕ್ಕೆ ತನ್ನ ತಾಯಿಯ ಹತ್ತಿರ ಬಿಟ್ಟು ಬಂದವಳು ಇವಳು. ಆ ತಾಯಿ ತೀರಿಹೋಗಿ ಕೆಲವು ವರ್ಷ ಆಗಿತ್ತು. ಗಂಡ ಎಲ್ಲಿಗೆ ಹೋದನೋ ಗೊತ್ತಿಲ್ಲ, ಹುಡುಗನಿಗೆ ಅವನ ಮನೆತನದ ಹೆಸರು ಮಾತ್ರ ಉಳಿದಿದೆ. ರಜೆಗೆ ಹೋದಾಗಲೆಲ್ಲ ಹುಡುಗ ಮೊದಲಿಗಿಂತ ಒಂದು ಗೇಣು ಉದ್ದ. ಕಾಲೇಜಿನ ತಂಡದಲ್ಲಿ ಆಡುತ್ತಿದ್ದ. ಇವಳು ಅವನ ಆಟವನ್ನು ಒಮ್ಮೆಯೂ ಎದುರು ಕೂತು ನೋಡಿದವಳಲ್ಲ. ರಜೆ ಸಿಕ್ಕಾಗ ಆಟ ಇಲ್ಲ, ಆಟ ಇದ್ದಾಗ ರಜೆ ಇಲ್ಲ. ಚಿತ್ರ ನೋಡುವ ಫೋನು ಅವಳ ಕೈಗೆ ಬಂದದ್ದೂ ಈಚೆಗೆ.

"ಆಚೆ ಕಡೆಯವರಿಗೆ ಗೊತ್ತುಂಟಾ, ನಿನ್ನ ಮಗ ಆಟಗಾರ ಅಂತ?" ಕೇಳಿದೆ.

"ಇಲ್ಲ ಲೋಲಾ. ಹೇಳಬೇಡಿ. ಹಿಂದೆ ಒಮ್ಮೆ ಅಕ್ಕಪಕ್ಕದ ಮನೆಯ ಕೆಲಸದವರಿಗೆಲ್ಲ ಹೇಳಿಕೊಂಡು ತಿರುಗಿದೆ. ಆಮೇಲೆ ಇಡೀ ವರ್ಷ ಅವನು ಆಡಲೇ ಇಲ್ಲ. 'ಕೋಚಿಗೆ ನನ್ನನ್ನು ಕಂಡರೆ ಆಗುವುದಿಲ್ಲಮ್ಮ' ಎಂದ. ಸಿಕ್ಕವರೆಲ್ಲ ಕೇಳುವುದು, ಎಲ್ಲಿ ನಿನ್ನ ಆಟಗಾರ, ಎಲ್ಲಿ ನಿನ್ನ ಆಟಗಾರ. ಸಾಕಾಗಿ ಹೋಯಿತು."

"ಸರಿ ಮಾಡಿದ್ದಿ. ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಯಬಾರದು."

ಸೆಖೆ ಸ್ವಲ್ಪ ಇಳಿಯುವ ಹೊತ್ತಿಗೆ ಡ್ರಾಫ್ಟ್ ಎಂಬ ಮಾತು ಶುರುವಾಯಿತು. ಆಚೆ ಕಡೆ ಅದೇ, ಈಚೆ ಕಡೆ ಅದೇ. ಹಾಗೆಂದರೆ ಎಂತದು ಎಂದು ಲೋರ್ನಾಳನ್ನು ಕೇಳಿದೆ. ಕಾಲೇಜು ಮುಗಿಸಿದ ಹುಡುಗರೆಲ್ಲ ಕೋಟು ಹಾಕಿಕೊಂಡು ಒಂದು ದೊಡ್ಡ ಹಾಲಿನಲ್ಲಿ ಕೂರುತ್ತಾರೆ. ತಂಡದವರು ಸರದಿಯಂತೆ ಎದ್ದು ನಮಗೆ ಇಂಥವನು ಬೇಕು ಎಂದು ಹೆಸರು ಹೇಳುತ್ತಾರೆ. ಹೋದ ವರ್ಷ ಸೋತ ತಂಡಕ್ಕೆ ಮೊದಲ ಸರದಿ. ಒಂದು ಸುತ್ತು ಮುಗಿದರೆ ಎರಡನೇ ಸುತ್ತು. ಮೂರನೆಯದು ಹೆಸರಿಗೆ ಮಾತ್ರ, ಅದರಲ್ಲಿ ಬಂದವನಿಗೆ ಕರಾರು ಸಿಗುವುದು ಅಪರೂಪ. ಹೆಸರು ಬಾರದವನು ಕೋಟು ಬಿಚ್ಚಿ ಮನೆಗೆ ಹೋಗಬೇಕು.

"ಇದು ನಮ್ಮಲ್ಲಿ ಹೆಣ್ಣು ನೋಡುವುದು. ಗಂಡುಮಕ್ಕಳಿಗೂ ಒಮ್ಮೆ ಹಾಗೆ ಕೂತು ಗೊತ್ತಾಗಲಿ" ಎಂದೆ. ಸೋತವನಿಗೆ ಮೊದಲು ಬಡಿಸುವ ಪಂಕ್ತಿಯನ್ನು ಮಾತ್ರ ನಾನು ಎಲ್ಲೂ ಕಂಡಿರಲಿಲ್ಲ. ಅದೊಂದು ನನಗೆ ಹಿಡಿಸಿತು.

ಲೋರ್ನಾ ನಗಲಿಲ್ಲ. ರೊಮೆಲನೂ ಆ ಹಾಲಿನಲ್ಲಿ ಕೂರುವವನಿದ್ದ. ಯಾವ ತಂಡವೂ ತೆಗೆದುಕೊಳ್ಳದಿದ್ದರೆ ಸರಕು ಹಡಗಿನಲ್ಲಿ ಕೆಲಸಕ್ಕೆ ಸೇರುವುದೆಂದು ಆಗಿತ್ತು, ಕಾಗದಪತ್ರ ತಯಾರಿತ್ತು. ಇತ್ತ ಇವಳ ಕರಾರು ಮುಗಿಯುತ್ತಿತ್ತು. ಇನ್ನೆರಡು ವರ್ಷ ನಿಲ್ಲುತ್ತೀಯಾ ಇಲ್ಲವಾ ಎಂದು ಆ ಟೀಚರು, ಅವಳ ಮೇಡಂ, ದಿನಾ ಕೇಳುತ್ತಿದ್ದಳು.

"ಹುಡುಗನನ್ನು ತಂಡ ತೆಗೆದುಕೊಂಡರೆ ಅವನು ಊರಲ್ಲೇ ಇರುತ್ತಾನೆ. ನಾನು ಹೋಗುತ್ತೇನೆ. ಅವನಿಗೆ ಅನ್ನ ಮಾಡಿ ಹಾಕಿಕೊಂಡು ಇರುತ್ತೇನೆ. ತೆಗೆದುಕೊಳ್ಳದಿದ್ದರೆ ಅವನು ಸಮುದ್ರದಲ್ಲಿ. ಖಾಲಿ ಮನೆಗೆ ಹೋಗಿ ನಾನೇನು ಮಾಡಲಿ? ಇಲ್ಲೇ ನಿಲ್ಲುತ್ತೇನೆ."

ಅಷ್ಟೇ ಅವಳ ಲೆಕ್ಕ. ತಾಯಿ ಮಗ ಒಂದು ಸೂರಿನಡಿ ಇರುವುದೋ ಬೇಡವೋ ಎಂಬುದನ್ನು ಕೋಟು ಹಾಕಿದ ಯಾರೋ ಗಂಡಸರು ಒಂದು ಮೈಕಿನ ಮುಂದೆ ಹೇಳಬೇಕು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಬೆಳ್ಳುಳ್ಳಿಯ ಮೇಲೆ ತೀರಿಸಿದೆ.

ಡ್ರಾಫ್ಟ್ ನಡೆದದ್ದು ಶುಕ್ರವಾರ. ಫಿಲಿಪ್ಪೀನಿನಲ್ಲಿ ಸಂಜೆ ಎಂದರೆ ಜಿದ್ದಾದಲ್ಲಿ ಜುಮ್ಮಾ ನಮಾಜಿಗೆ ಮುಂಚಿನ ಹೊತ್ತು. ಗಂಡಸರ ಕಡೆ ಕುರ್ಚಿ ಸಾಲದೆ ಎಣ್ಣೆಯ ಡಬ್ಬಿ ಬೋರಲು ಹಾಕಿ ಕೂತಿದ್ದರು. ಎಡ್ವಿನ್ ಸಾಬೂನಿನ ತಂಡದ ಅಂಗಿ ಹಾಕಿಕೊಂಡು ಬಂದಿದ್ದ, ಹೊಟ್ಟೆಯ ಹತ್ತಿರ ನೂಲು ಪ್ರಾಣ ಬಿಡುತ್ತಿತ್ತು. ಈಚೆ ಕಡೆ ಲೋರ್ನಾ, ಅವಳ ಫೋನು, ನಾನು. ಫೋನನ್ನು ನೀರಿನ ಜಗ್ಗಿಗೆ ಒರಗಿಸಿ ಅದರಲ್ಲೇ ನೋಡುತ್ತಿದ್ದೆವು. ಎಲ್ಲ ಹುಡುಗರೂ ತೆಂಗಿನ ಮರಗಳು. ಅವುಗಳ ನಡುವೆ ಹಿಂದಿನ ಸಾಲಿನಲ್ಲಿ ಒಂದು ಅಡಿಕೆ ಮರ. "ಅವನೇ" ಎಂದಳು. ಕೋಟಿನ ತೋಳು ಗಿಡ್ಡ, ಮಣಿಕಟ್ಟು ಹೊರಗೆ ಕಾಣುತ್ತಿತ್ತು. "ಬಾಡಿಗೆಯದ್ದಾ?" ಎಂದೆ. "ಮಾವನ ಮಗನದ್ದು" ಎಂದಳು.

ಮೊದಲ ಸುತ್ತಿನಲ್ಲಿ ಅವನ ಹೆಸರು ಬರುವುದಿಲ್ಲ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಸಾಬೂನಿನವರು ಅಮೆರಿಕದಲ್ಲಿ ಬೆಳೆದ ಒಬ್ಬ ಭಾರೀ ಆಸಾಮಿಯನ್ನು ಆರಿಸಿದರು. ಆಚೆ ಕಡೆ ಮೇಜು ಗುದ್ದಿದ ಹೊಡೆತಕ್ಕೆ ಈಚೆ ನಮ್ಮ ಜಗ್ಗು ಹಾರಿತು. ಟಯರಿನವರು ಯಾರನ್ನೋ ಆರಿಸಿದಾಗ ಬೆನ್ನಿ ಕೋಳಿಯ ಹಾಗೆ ಕೂಗಿ ಅಣಕಿಸಿದ. ಎಲ್ಲರೂ ನಕ್ಕರು.

"ಏನಂತೆ?"

"ಆ ಹುಡುಗನಿಗೆ ಚೆಂಡು ಕೊಟ್ಟರೆ ಮೊಟ್ಟೆ ಇಟ್ಟ ಹಾಗೆ ಕೂರುತ್ತಾನಂತೆ" ಎಂದು ಲೋರ್ನಾ ತರ್ಜುಮೆ ಮಾಡಿದಳು. ಆಮೇಲೆ ಹೇಳಿದಳು: "ಅವರೆಲ್ಲ ನಮ್ಮ ಸೀಮೆಯವರೇ ಲೋಲಾ. ನಮ್ಮ ಸೀಮೆಯ ಹುಡುಗನನ್ನು ಯಾವ ತಂಡ ತೆಗೆದುಕೊಂಡರೂ ಛಾವಣಿ ಹಾರುವ ಹಾಗೆ ಕೂಗುತ್ತಾರೆ. ಫೋನು ನೋಡುವುದೇ ಬೇಡ, ಸದ್ದು ಕೇಳಿದರೆ ಸಾಕು."

ಬಾಂಗು ಕೇಳುವ ಹೊತ್ತಾಯಿತು. ಹಮೀದ್ ಒಲೆಗಳನ್ನು ಆರಿಸಿ, ಟೀವಿಯ ಸದ್ದು ಪೂರ್ತಿ ತೆಗೆದು, "ನೋಡಿ ಭಾಯಿ, ನಾನು ಶಟರ್ ಎಳೀತೇನೆ. ಹೊರಗೆ ಹೋಗುವವರು ಈಗಲೇ ಹೋಗಿ. ಒಳಗಿರುವವರು ಉಸಿರು ಬಿಡ್ಲಿಕ್ಕಿಲ್ಲ. ನಮಾಜಿನ ಹೊತ್ತಿನಲ್ಲಿ ಒಳಗೆ ಗಲಾಟೆ ಕೇಳಿದರೆ ನನ್ನ ಅಂಗಡಿಗೆ ಬೀಗ ಬೀಳ್ತದೆ" ಎಂದ. ಒಬ್ಬನೂ ಕದಲಲಿಲ್ಲ. ನನ್ನ ಹತ್ತಿರ ಬಂದು, "ಉಮ್ಮ, ಇವರನ್ನು ಸ್ವಲ್ಪ ನೋಡಿಕೊಳ್ಳಿ ಆಯ್ತಾ" ಎಂದು ಹೇಳಿ ನಮಾಜಿನ ಚಾಪೆ ಹೆಗಲಿಗೆ ಹಾಕಿಕೊಂಡು ಹೋದ. ಶಟರು ಎರಡೂ ಕಡೆ ಗಡಗಡ ಇಳಿಯಿತು. ಒಳಗೆ ಟೀವಿಯ ನೀಲಿ ಬೆಳಕು ಮಾತ್ರ. ಇಪ್ಪತ್ತು ಮಂದಿ ದೊಡ್ಡ ಗಂಡಸರು ಮದರಸದ ಮಕ್ಕಳ ಹಾಗೆ ಪಿಸಪಿಸ ಮಾತಾಡುತ್ತಿದ್ದರು.

ಎರಡನೇ ಸುತ್ತು ನಡೆಯುತ್ತಿತ್ತು. ಹಿಂದೆ ರೊಮೆಲನನ್ನು ಅಭ್ಯಾಸಕ್ಕೆ ಕರೆದಿದ್ದದ್ದು ಬಿಸ್ಕತ್ತಿನ ತಂಡ. ಅವರು ಬೇರೆ ಹುಡುಗನ ಹೆಸರು ಹೇಳಿದರು. ಲೋರ್ನಾ ತುಟಿ ಒಳಗೆ ಎಳೆದುಕೊಂಡಳು. ಮುಂದಿನ ಸರದಿ ಸಾಬೂನಿನವರದು, ಅವಳಿಗೆ ಉಳಿದ ಆಸೆ ಅದೊಂದೇ. ಅವರ ಮನುಷ್ಯ ಮೈಕಿನ ಕಡೆ ನಡೆಯುತ್ತಿದ್ದ. ಆಗಲೇ ಚಿತ್ರ ಮಾಯವಾಗಿ ಫೋನಿನಲ್ಲಿ ಮೇಡಂನ ಹೆಸರು ಬಂತು, ಫೋನು ಮೇಜಿನ ಮೇಲೆ ನಡುಗತೊಡಗಿತು.

ಎತ್ತದೆ ಇರುವ ಹಾಗಿಲ್ಲ. ಎತ್ತಿದಳು. ಮೇಡಂನ ಗಂಟಲು ನನಗೂ ಕೇಳುತ್ತಿತ್ತು. ಏಜೆಂಟಿಗೆ ಈಗಲೇ ಹೇಳಬೇಕಂತೆ, ನಿಲ್ಲುತ್ತೀಯೋ ಹೋಗುತ್ತೀಯೋ.

ಆ ಕ್ಷಣಕ್ಕೆ ಆಚೆ ಕಡೆಯಿಂದ ಸದ್ದು ಬಂತು. ಕೂಗಲ್ಲ. ಹೊಟ್ಟೆಯಿಂದ ಹೊರಟ ನರಳಾಟ, ಇಪ್ಪತ್ತು ಮಂದಿಯದು ಒಟ್ಟಿಗೆ. ಹೆಣ ಮನೆಯಿಂದ ಹೊರಡುವಾಗ ಗಂಡಸರ ಬಾಯಿಂದ ಬರುತ್ತದಲ್ಲ, ಹಾಗೆ. ಒಂದು ಡಬ್ಬಿ ಯಾರದೋ ಒದೆತಕ್ಕೆ ಉರುಳಿತು.

ಲೋರ್ನಾ ನನ್ನ ಮುಖ ನೋಡಿದಳು. ನಾನೂ ತಲೆ ಅಲ್ಲಾಡಿಸಿದೆ, ಆಗಲಿಲ್ಲ ಬಿಡು ಎನ್ನುವ ಹಾಗೆ. ಅವಳು ಫೋನಿಗೆ, "ನಿಲ್ಲುತ್ತೇನೆ ಮೇಡಂ. ಎರಡು ವರ್ಷ ನಿಲ್ಲುತ್ತೇನೆ" ಎಂದಳು. ಫೋನು ಕೆಳಗಿಟ್ಟಳು.

ಡ್ರಾಫ್ಟಿನ ಚಿತ್ರ ವಾಪಸು ಬಂತು. ಮಾವನ ಮಗನ ಕೋಟಿನ ಹುಡುಗ ವೇದಿಕೆಯ ಮೆಟ್ಟಿಲು ಹತ್ತುತ್ತಿದ್ದ. ತಲೆಗೆ ಸಾಬೂನಿನ ತಂಡದ ಟೊಪ್ಪಿ. ಕೈಯಲ್ಲಿ ಎಡ್ವಿನನ ಹೊಟ್ಟೆಯ ಮೇಲೆ ಇದ್ದದ್ದೇ ಬಣ್ಣದ ಅಂಗಿ.

ಲೋರ್ನಾ ಎದ್ದು ನಿಂತಳು, ಕೂತಳು. ಆಚೆ ಕಡೆ ಈಗ ಪಿಸುಮಾತೆಲ್ಲ ಹೋಗಿ ಬೈಗುಳ ಶುರುವಾಗಿತ್ತು. ಎಡ್ವಿನನದೇ ಮುಖ್ಯ. ಅವಳು ತರ್ಜುಮೆ ಮಾಡಲಿಲ್ಲ. ಅವಳ ಮುಖ ನೋಡಿಯೇ ನನಗೆ ಅರ್ಥವಾಯಿತು. ಅವರು ನರಳಿದ್ದು ಅವನ ಹೆಸರು ಬರಲಿಲ್ಲ ಎಂದಲ್ಲ, ಬಂತು ಎಂದು.

"ಎಂತ ಹೇಳ್ತಿದ್ದಾನೆ ಅವನು?"

"ಒಳ್ಳೆಯ ಸರದಿ ಹಾಳು ಮಾಡಿದರು ಅಂತ. ಒಡೆದ ಮಡಕೆ ತಂದರು ಅಂತ."

ನನಗೆ ತಾಳ್ಮೆ ದೇವರು ಕೊಟ್ಟದ್ದೇ ಕಡಿಮೆ. ಶಟರು ಇಳಿದಿತ್ತು, ಹೊರಗಿನವರಿಗೆ ಒಳಗಿನದು ಕಾಣುತ್ತಿರಲಿಲ್ಲ. ಹೋಗಿ ಪರದೆಯನ್ನು ಪೂರ್ತಿ ಬದಿಗೆ ಎಳೆದೆ. ಇಪ್ಪತ್ತು ತಲೆ ತಿರುಗಿತು.

"ಓ ಡ್ರಮ್ಮು! ಬಾಯಿ ಮುಚ್ಚು. ನೀವು ಹೆಣ ಹೊರುವವರ ಹಾಗೆ ನರಳಿದ್ದಕ್ಕೆ ಇಲ್ಲಿ ಒಬ್ಬಳು ಎರಡು ವರ್ಷಕ್ಕೆ ಒಪ್ಪಿ ಕೂತಳು. ಈ ಹುಡುಗ ಇವಳ ಮಗ."

ಎಡ್ವಿನ್ ನನ್ನನ್ನು ನೋಡಿದ, ನನ್ನ ಹಿಂದಿನ ಲೋರ್ನಾಳನ್ನು ನೋಡಿದ. ಅವಳ ಕೋಳಿಯನ್ನು ಅಷ್ಟು ವಾರ ತಿಂದವನು, ಮುಖ ನೋಡಿದ್ದು ಆಗಲೇ. ಬೆನ್ನಿ ನಕ್ಕ. "ಲೋಲಾ ತಮಾಷೆ ಮಾಡ್ತಾರೆ" ಎಂದ. ಎಡ್ವಿನನಿಗೂ ನಂಬಿಕೆ ಬರಲಿಲ್ಲ. ಅವನು ಉರ್ದುವಿನಲ್ಲೇ, ನನಗೂ ತಿಳಿಯುವ ಹಾಗೆ, ಕೇಳಿದ:

"ತಾಯಿಯಾದರೆ ಹೇಳಲಿ. ಅವನ ಆಪರೇಷನ್ ಆದದ್ದು ಯಾವ ಮೊಣಕಾಲಿಗೆ?"

ಲೋರ್ನಾ ಕೇಳಿದಳು, "ಯಾವ ಆಪರೇಷನ್?"

ಟೀವಿಯಲ್ಲಿ ಯಾರೋ ಯಾರಿಗೋ ಕೈ ಕುಲುಕುತ್ತಿದ್ದರು. ಎಡ್ವಿನನ ಕೆಂಪು ಮುಖ ಬೂದಿಯಾಯಿತು. ಅವಳು ತಾಯಿಯೇ ಎಂದು ಅವನಿಗೆ ಆಗ ನಂಬಿಕೆ ಬಂತು. ಸುಳ್ಳು ಹೇಳುವವಳಾದರೆ ಎಡವೋ ಬಲವೋ ಒಂದು ಹೇಳುತ್ತಿದ್ದಳು.

"ಯಾವ ಆಪರೇಷನ್?" ಮತ್ತೆ ಕೇಳಿದಳು.

ಬೆನ್ನಿಯೇ ಹೇಳಿದ್ದು, ನೆಲ ನೋಡಿಕೊಂಡು. ಎಡ ಮೊಣಕಾಲು. ಕಾಲೇಜಿನ ಪಂದ್ಯದಲ್ಲಿ ಹಾರಿ ಇಳಿದವನು ಏಳಲಿಲ್ಲ. ನಾಲ್ಕು ಮಂದಿ ಹೊತ್ತುಕೊಂಡು ಹೋದರು. ಆ ವರ್ಷ ಪೂರ್ತಿ ಆಡಲಿಲ್ಲ. ಊರುಗೋಲು ಹಿಡಿದು ಬಂದು ತಂಡದ ಬೆಂಚಿನಲ್ಲಿ ಕೂರುತ್ತಿದ್ದ, ಗೆಳೆಯರಿಗೆ ನೀರಿನ ಬಾಟಲಿ ಕೊಡುತ್ತಿದ್ದ. ಅದೆಲ್ಲ ಫೋನಿನಲ್ಲಿ ಉಂಟು, ಎಲ್ಲರೂ ನೋಡಿದ್ದಾರೆ.

ಎಲ್ಲರೂ ನೋಡಿದ್ದರು. ಅವನ ಹೆಸರು ಹಿಡಿದು ಬೈದ ಅಷ್ಟು ಮಂದಿಗೂ ಗೊತ್ತಿತ್ತು. ಹೆತ್ತವಳಿಗೆ ಮಾತ್ರ ಮಗ, 'ಕೋಚಿಗೆ ನನ್ನನ್ನು ಕಂಡರೆ ಆಗುವುದಿಲ್ಲ' ಎಂದು ಹೇಳಿ ಮುಗಿಸಿದ್ದ. ದೂರದಲ್ಲಿರುವವರಿಗೆ ಮನೆಯವರು ಹೇಳುವ ಸುಳ್ಳು ಇದು. ನಮ್ಮ ಕಡೆಯೂ ಇದೇ. ನನ್ನ ಗಂಡ ಗೋಡೆಯಿಂದ ಬಿದ್ದು ಸೊಂಟ ಮುರಿದುಕೊಂಡಾಗ ಹಮೀದನಿಗೆ ನಾವೂ ಜ್ವರ ಎಂದೇ ಹೇಳಿದ್ದೆವು. ಹೇಳಿ ಏನು ಮಾಡುವುದು, ಅವನು ಅಲ್ಲಿ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅಷ್ಟೆ.

ಲೋರ್ನಾ ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಪರದೆ ದಾಟಿ ಗಂಡಸರ ಕಡೆ ಹೋಗಿ ಒಂದು ಕುರ್ಚಿಯ ಬೆನ್ನು ಹಿಡಿದಳು. ಕೂತಿದ್ದವನು ಎದ್ದು ಜಾಗ ಬಿಟ್ಟ. ಕೂತಳು.

"ಹೇಳಿ" ಎಂದಳು. "ನನ್ನ ಮಗ ಹೇಗೆ ಆಡುತ್ತಾನೆ, ನನಗೆ ಹೇಳಿ."

ಈಗಷ್ಟೇ ಉಗಿದ ಬಾಯಿ, ಅದಕ್ಕೆ ಹೊಗಳಲಿಕ್ಕೆ ನಾಚಿಕೆ. ಎಡ್ವಿನ್ ತನ್ನ ತಲೆಯ ಟೊಪ್ಪಿ ತೆಗೆದು ಕೈಯಲ್ಲಿ ಹಿಂಡುತ್ತಿದ್ದ. "ಅಮ್ಮ, ಒಳ್ಳೆಯ ಆಟಗಾರ" ಎಂದು ಶುರುಮಾಡಿದ.

"ಸುಳ್ಳು ಬೇಡ. ಸುಳ್ಳು ನನಗೆ ಮನೆಯಿಂದಲೇ ಬರುತ್ತದೆ."

ಆಮೇಲೆ ಹೇಳಿದ. ನಿಂತು ಹೇಳಿದ, ಆಡಿ ತೋರಿಸಿದ. ಓಟ ಚೆನ್ನಾಗಿದೆ, ಆದರೆ ಎಡಗಾಲು ಊರಿ ಹಾರಲಿಕ್ಕೆ ಹೆದರುತ್ತಾನೆ. ಎದುರಿನವನು ಎಷ್ಟು ದೊಡ್ಡವನಾದರೂ ಅಡ್ಡ ನಿಲ್ಲುತ್ತಾನೆ, ಗುದ್ದಿಸಿಕೊಳ್ಳುತ್ತಾನೆ, ಬೀಳುತ್ತಾನೆ. ಬಿದ್ದರೆ ತಾನೇ ಏಳುತ್ತಾನೆ, ಯಾರ ಕೈಯನ್ನೂ ಹಿಡಿಯುವುದಿಲ್ಲ. ಚೆಂಡನ್ನು ಬೇರೆಯವರಿಗೆ ಕೊಡುವುದು ಜಾಸ್ತಿ, ತಾನು ಹಾಕುವುದು ಕಡಿಮೆ. ದೂರದಿಂದ ಹಾಕಿದರೆ ಹತ್ತರಲ್ಲಿ ಏಳು ಹೊರಗೆ. "ಅದಕ್ಕೇ ನಮಗೆ ಅವನು ಬೇಡವಾಗಿತ್ತು ಅಮ್ಮ. ಇನ್ನೊಬ್ಬ ಇದ್ದ, ದೂರದಿಂದ ಹಾಕುವವನು. ಈಗಲೂ ಹೇಳುತ್ತೇನೆ, ಅವನನ್ನೇ ಆರಿಸಬೇಕಿತ್ತು."

ಈ ಮಾತಿಗೆ ಬೆನ್ನಿ ಅವನ ಕಾಲು ತುಳಿದ. ನಾನಾದರೆ ತುಳಿಯುತ್ತಿರಲಿಲ್ಲ. ಆ ಕೋಣೆಯಲ್ಲಿ ಆಗ ಅವಳಿಗೆ ಬೇಕಾದದ್ದು ಅದೇ. ಸಕ್ಕರೆ ಹಾಕದ ಮಾತು.

ಅವಳು ಕೇಳಿದಳು, "ಊರುಗೋಲು ಹಿಡಿದಿದ್ದಾಗ ಊಟ ತಿಂಡಿ ಯಾರು ಕೊಡುತ್ತಿದ್ದರು?" ಇಪ್ಪತ್ತು ಮಂದಿಯಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಅದು ಫೋನಿನಲ್ಲಿ ಇರುವ ವಿಷಯ ಅಲ್ಲ.

ಅವಳು ಈಚೆ ಬಂದು ಫೋನು ಎತ್ತಿಕೊಂಡಳು. ತಾನೇ ಮೇಡಂಗೆ ಕರೆ ಮಾಡಿದಳು. "ಮೇಡಂ, ಈಗ ಹೇಳಿದ್ದು ವಾಪಸು. ನಾನು ನಿಲ್ಲುವುದಿಲ್ಲ. ಊರಿಗೆ ಹೋಗುತ್ತೇನೆ." ಆಚೆಯಿಂದ ಮೇಡಂ ಏನು ಹೇಳಿದಳೋ, ದೊಡ್ಡದಾಗಿ ಹೇಳಿದಳು. ಇವಳು, "ಮಗನನ್ನು ಆರಿಸಿದರು ಅಂತಲ್ಲ ಮೇಡಂ. ಅವರು ನಾಳೆ ಬೇಡ ಎನ್ನಬಹುದು. ಅವನ ಮೊಣಕಾಲು ಕೊಯ್ದಿದ್ದಾರೆ, ನಾನು ನೋಡಿಲ್ಲ. ನೋಡಬೇಕು" ಎಂದಳು. ಆಚೆ ಫೋನು ಇಟ್ಟ ಸದ್ದಾಯಿತು.

"ಏನಂದಳು?"

"ಡ್ರೈವರ್ ಬರುತ್ತಾನೆ, ಮನೆಗೆ ಬಾ, ಮಾತಾಡುವ ಅಂದಳು."

"ಹೆದರಿಕೆಯಾ?"

"ಹೌದು."

"ಆಗಲಿ. ಹೆದರಿಕೊಂಡೇ ಹೇಳು. ಆದರೆ ಇದನ್ನೇ ಹೇಳು" ಎಂದೆ. ಅವಳಿಗೆ ಕೊಡಲಿಕ್ಕೆ ನನ್ನ ಹತ್ತಿರ ಬೇರೆ ಧೈರ್ಯ ಇರಲಿಲ್ಲ. ಕಫೀಲನ ಸಹಿ ಇಲ್ಲದೆ ಆ ದೇಶದಿಂದ ಒಂದು ಹೆಜ್ಜೆ ಹೊರಗಿಡುವ ಹಾಗಿರಲಿಲ್ಲ ಎಂದು ನನಗೂ ಗೊತ್ತಿತ್ತು.

ಶಟರು ಏಳುವ ಹೊತ್ತಾಯಿತು. ನಾನು ಪರದೆ ಎಳೆದೆ. ಟೀವಿಯಲ್ಲಿ ಮೂರನೇ ಸುತ್ತು ನಡೆಯುತ್ತಿತ್ತು. ಹಮೀದ್ ಬಾಗಿಲು ತೆಗೆದು ಒಳಗೆ ಬಂದಾಗ ಗಂಡಸರೆಲ್ಲ ಕೈಕಟ್ಟಿ ಕೂತಿದ್ದರು. "ಎಷ್ಟು ಒಳ್ಳೆಯವರಾಗಿದ್ದಾರೆ, ಉಮ್ಮ! ಎಂತ ಮಾಡಿದಿರಿ ಇವರಿಗೆ?" ಎಂದ. ಅಷ್ಟರಲ್ಲಿ ಸಾಬೂನಿನವರು ಮತ್ತೊಬ್ಬನನ್ನು ಆರಿಸಿದರು. ಆಚೆ ಕಡೆ ಯಾರೂ ಉಸಿರೆತ್ತಲಿಲ್ಲ, ಇವನ ತಾಯಿ ಎಲ್ಲಿ ಕೂತಿದ್ದಾಳೋ ಎನ್ನುವವರ ಹಾಗೆ. ಹಲಗೆಯ ಈಚೆಯಿಂದ ಲೋರ್ನಾಳೇ ಅವರ ಭಾಷೆಯಲ್ಲಿ ಏನೋ ಕೂಗಿದಳು. ಆಚೆ ಕಡೆ ಒಟ್ಟಿಗೆ ನಗು ಸಿಡಿಯಿತು. ಆ ಹುಡುಗ ಅಷ್ಟು ಗಿಡ್ಡ, ಬುಟ್ಟಿಗೆ ಏಣಿ ಇಡಬೇಕು ಎಂದಳಂತೆ.

ಮೇಡಂ ಕೆಟ್ಟವಳಲ್ಲ, ಒಳ್ಳೆಯವಳೂ ಅಲ್ಲ, ಮೇಡಂ. ಬೇರೆ ಕೆಲಸದವಳು ಬರುವವರೆಗೆ ಸಹಿ ಹಾಕುವುದಿಲ್ಲ ಎಂದಳು. ಕೆಲವು ಶುಕ್ರವಾರ ಲೋರ್ನಾಳನ್ನು ಕಳಿಸಲೂ ಇಲ್ಲ. ಕೋಳಿ ನಾನೇ ಮಾಡಿದೆ. ಎಡ್ವಿನ್ ತಿಂದು, "ಲೋಲಾ, ಮೀನೇ ಸಾಕು" ಎಂದ. ಪ್ರತಿ ವಾರ ಕಿಂಡಿಯಲ್ಲಿ ತಲೆ ಹಾಕಿ, "ಅಮ್ಮನಿಗೆ ಸಹಿ ಸಿಕ್ಕಿತಾ?" ಎಂದು ಕೇಳುತ್ತಿದ್ದ. ರೊಮೆಲ್ ಅಭ್ಯಾಸದಲ್ಲಿ ಹೇಗಿದ್ದಾನೆ, ತಂಡದವರು ಕರಾರು ಕೊಟ್ಟರಾ ಇಲ್ಲವಾ ಎಂಬ ಸುದ್ದಿ ಅವನೇ ತರುತ್ತಿದ್ದ. ನಾನು ಅದನ್ನು ಸೊಸೆಯ ಫೋನಿನಲ್ಲಿ ಲೋರ್ನಾಳಿಗೆ ದಾಟಿಸುತ್ತಿದ್ದೆ. ಕರಾರು ಕೊಟ್ಟರು, ಒಂದೇ ವರ್ಷಕ್ಕೆ.

ಆ ಮಧ್ಯೆ ಒಂದು ದಿನ ಜಿದ್ದಾದಲ್ಲಿ ಮಳೆ ಬಂತು. ನೀರಿಗೆ ಹೋಗಲು ದಾರಿ ಗೊತ್ತಿಲ್ಲದ ಊರು ಅದು. ರಸ್ತೆಯೆಲ್ಲ ಹೊಳೆ, ಹೋಟೆಲಿನೊಳಗೆ ಪಾದ ಮುಳುಗುವಷ್ಟು ನೀರು. ಗಂಡಸರೇ ಬಕೀಟು ಹಿಡಿದು ಎತ್ತಿ ಹಾಕಿದರು. ಮಳೆ ಮುಗಿದ ವಾರ ಲೋರ್ನಾ ಬಂದಳು, ಒಂದು ಪೆಟ್ಟಿಗೆಯೊಂದಿಗೆ. ಡ್ರೈವರು ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಐದು ನಿಮಿಷ ನಿಲ್ಲಿಸಲು ಒಪ್ಪಿದ್ದ. ಅಪ್ಪಿಕೊಳ್ಳಲಿಕ್ಕೆ ಬಂದಳು. "ಬೇಡ, ಮೀನಿನ ಕೈ" ಎಂದೆ. ಕೇಳಲಿಲ್ಲ.

ನನ್ನ ವೀಸಾ ಮುಗಿಯುವ ಮುಂಚಿನ ಶುಕ್ರವಾರ ಸಾಬೂನಿನ ತಂಡದ ಪಂದ್ಯ ಇತ್ತು. ನಾನು ಕಿಂಡಿಯಲ್ಲಿ ನಿಂತು ನೋಡಿದೆ. ರೊಮೆಲ್ ಬೆಂಚಿನಲ್ಲಿ ಕೂತಿದ್ದ, ಕೂತೇ ಇದ್ದ. ಕೋಚಿಗೆ ಎಡ್ವಿನ್ ಇಲ್ಲಿಂದಲೇ ಹೇಳಿಕೊಡುತ್ತಿದ್ದ, ಇಳಿಸು ಅವನನ್ನು, ಇಳಿಸು ಎಂದು. ಪಂದ್ಯ ಮುಗಿಯಲು ಸ್ವಲ್ಪವೇ ಇರುವಾಗ ಇಳಿಸಿದರು. ಹುಡುಗ ಒಬ್ಬ ರಾಕ್ಷಸನಿಗೆ ಅಡ್ಡ ನಿಂತು ಗುದ್ದಿಸಿಕೊಂಡು ಬಿದ್ದ. ಎದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು. 

ಆಮೇಲೆ ಅವನ ಕೈಗೆ ಚೆಂಡು ಬಂತು, ಎದುರಿಗೆ ಯಾರೂ ಇಲ್ಲ. ಹಾಕಿದ. ಚೆಂಡು ಬುಟ್ಟಿಯನ್ನು ಮುಟ್ಟಲೂ ಇಲ್ಲ.

ಎಡ್ವಿನ್ ಕೈ ಮೇಲೆತ್ತಿ ಬಾಯಿ ತೆರೆದವನು, ಹಲಗೆಯ ಕಡೆ ನೋಡಿ ಬೈಗುಳ ನುಂಗಿಕೊಂಡ. ಹೆಂಗಸರ ಕಡೆ ಯಾರೂ ಇರಲಿಲ್ಲ. ಖಾಲಿ ಮೇಜು.

"ಎಂತಕ್ಕೆ ನುಂಗಿದ್ದು?" ಎಂದೆ ಕಿಂಡಿಯಿಂದ. "ಬೈ ಮಾರಾಯ. ಲೋರ್ನಾ ಅಲ್ಲಿ ಆಟದ ಎದುರೇ ಕೂತು ಈಗ ಬೈತಾ ಇರ್ತಾಳೆ."

ಬೈದ. ಮನೆಯ ಹುಡುಗನಿಗೆ ಬೈಯುವ ಹಾಗೆ, ಬಾಯಿ ತುಂಬ ಬೈದ.